ಯಾರೂ ಮುಟ್ಟದ ಪನ್ಸಿತ್

ಮೇಜಿನ ಮೇಲೆ ಪನ್ಸಿತ್ ಇತ್ತು.

ಬೆಳಗಿನ ಎಂಟು ಗಂಟೆ. ಮೂರನೇ ಮಹಡಿ, ಹೆಂಗಸರ ವಾರ್ಡು. ನರ್ಸುಗಳ ಮೇಜಿನ ನಟ್ಟನಡುವೆ ದೊಡ್ಡದೊಂದು ಬಿದಿರಿನ ಗೆರಸೆ. ಅದರಲ್ಲಿ ಬಾಳೆಲೆ. ಬಾಳೆಲೆಯ ಮೇಲೆ ಹಬೆಯಾಡುವ ಉದ್ದುದ್ದ ಶ್ಯಾವಿಗೆ, ಸೀಗಡಿ, ಕೋಸು, ಕ್ಯಾರೆಟ್ಟು. ಹೆಣ ಬಿದ್ದಿದ್ದರೂ ನಾವು ಅಷ್ಟು ಬೆದರುತ್ತಿರಲಿಲ್ಲ. ಹೆಣಕ್ಕೊಂದು ಫಾರಂ ಇದೆ, ತುಂಬಿದರೆ ಮುಗಿಯಿತು. ಪನ್ಸಿತ್‌ಗೆ ಫಾರಂ ಇಲ್ಲ.

ಡ್ಯೂಟಿಯಲ್ಲಿ ಇರುವವರು ಪನ್ಸಿತ್ ತಿನ್ನಬಾರದು, ತರಬಾರದು, ಅದರ ಹತ್ತಿರವೂ ಸುಳಿಯಬಾರದು. ಸುಳಿದರೆ ಆ ಶ್ಯಾವಿಗೆಯ ಹಾಗೆಯೇ ರೋಗಿಗಳು ಎಳೆದಷ್ಟೂ ಬರುತ್ತಾರೆ. ಇದು ಯಾವ ನಿಯಮಪುಸ್ತಕದಲ್ಲೂ ಇಲ್ಲ. ಆದರೆ ಪುಸ್ತಕದಲ್ಲಿ ಇರುವುದಕ್ಕಿಂತ ಬಿಗಿಯಾಗಿ ಪಾಲಿಸುತ್ತೇವೆ. ಒಮ್ಮೆ ಹೊಸ ಡಾಕ್ಟರೊಬ್ಬರು ನಕ್ಕು ಒಂದೇ ಒಂದು ಎಳೆ ಬಾಯಿಗಿಟ್ಟರು. ಅರ್ಧ ಗಂಟೆಯಲ್ಲಿ ಬಸ್ಸೊಂದು ಗದ್ದೆಗೆ ಉರುಳಿತು. ಅರವತ್ತು ಜನ ಬಂದರು. ಸರಿ, ಹದಿನಾಲ್ಕು ಜನ. ಅದಿರಲಿ.

ನಾನು ತೆರೋಯ್ ನಾಪುಲಾನ್, ಈ ವಾರ್ಡಿನ ಅಟೆಂಡೆಂಟ್. ಹತ್ತೊಂಬತ್ತು ವರ್ಷಗಳಲ್ಲಿ ನಾನು ಬದಲಿಸಿದ ಹಾಸಿಗೆ ಹೊದಿಕೆಗಳನ್ನು ಒಂದಕ್ಕೊಂದು ಗಂಟು ಹಾಕಿದರೆ ಈ ದ್ವೀಪದಿಂದ ಮನಿಲಾಕ್ಕೆ ಹೋಗಿಬರಬಹುದು, ಸಮುದ್ರವನ್ನೂ ಸೇರಿಸಿ. ಈ ಪ್ರಕರಣವನ್ನು ಭೇದಿಸಿದ್ದೂ ನಾನೇ. ಸ್ವಲ್ಪ ಸಹಾಯ ಇತ್ತು ಅನ್ನುವವರಿದ್ದಾರೆ. ಅವರ ಮಾತಿಗೆ ಆಮೇಲೆ ಬರೋಣ.

"ಯಾರ ಕೆಲಸ ಇದು?" ಮ್ಯಾಮ್ ಕೊನ್ಸೊರ್ಸಿಯಾ ಕೇಳಿದರು. ವಾರ್ಡಿನ ಮುಖ್ಯ ನರ್ಸು. ಅವರು ಮೆಲ್ಲಗೆ ಮಾತಾಡಿದರೂ ಕಿಟಕಿಯ ಗಾಜು ನಡುಗುತ್ತದೆ.

ಎಲ್ಲರೂ ಮೇಜಿನಿಂದ ಒಂದೊಂದು ಹೆಜ್ಜೆ ಹಿಂದೆ ಸರಿದೆವು.

"ಅದೂ ಇವತ್ತೇ. ತೆರೋಯ್, ಎತ್ತು. ಹಿಂದಿನ ಮೆಟ್ಟಿಲ ಹತ್ರ ಇಟ್ಟು ಬಾ. ದುಲ್ಸೆ ಕಣ್ಣಿಗೆ ಬೀಳಬೇಡ."

"ನಾನಾ? ನಾನೂ ಡ್ಯೂಟಿಲಿ ಇದೀನಿ ಮ್ಯಾಮ್."

"ನಿನ್ನ ಡ್ಯೂಟಿ ಯಾವ ರೋಗೀನೂ ನಂಬಲ್ಲ. ಎತ್ತು."

ಎತ್ತಿದೆ. ಸೊಂಟ ಉಳುಕಿತು. ಇಬ್ಬರು ನರ್ಸುಗಳು ದೋಷ ತಾಗದಿರಲೆಂದು ಬಾಗಿಲವರೆಗೆ ಹಿಂದೆ ಉಪ್ಪು ಚೆಲ್ಲುತ್ತ ಬಂದರು. ಪಕ್ಕದಲ್ಲೇ ಗಂಡಸರ ವಾರ್ಡು, ಅಲ್ಲಿಯ ಮುಖ್ಯ ನರ್ಸು ದುಲ್ಸೆ. ಅವಳ ಬಾಗಿಲ ಮುಂದೆ ಕಳ್ಳ ಬೆಕ್ಕಿನಂತೆ ದಾಟಿ, ಗೆರಸೆಯನ್ನು ಮೆಟ್ಟಿಲ ಮೇಲಿಟ್ಟು, ಹಾಸಿಗೆ ಒಣಗಿಸಲು ಹಾಸುವ ಗೋಣಿ ಮುಚ್ಚಿ ವಾಪಸು ಬಂದೆ.

"ಎಮ್ಮೆಕರು ಹೊತ್ತ ಹಾಗಾಯ್ತು ಮ್ಯಾಮ್. ಕಲ್ಲು, ಕಲ್ಲು ಭಾರ."

"ನಿನ್ನೆ ನೀರಿನ ಬಕೆಟ್ಟಿಗೂ ಅದನ್ನೇ ಅಂದೆ," ಎಂದರು ಮ್ಯಾಮ್.

ಆಗಲೇ ನರ್ಸು ಜೆಮ್ಮಾ ಮೇಜಿನ ಮುಂದೆ ನಿಂತು ಸಣ್ಣ ದನಿಯಲ್ಲಿ ಹೇಳಿದಳು.

"ಮ್ಯಾಮ್, ಕಾರ್ಡೆಕ್ಸ್ ಇಲ್ಲ."

* * *

ಕಾರ್ಡೆಕ್ಸ್ ಅಂದರೆ ತಗಡಿನ ಮಡಿಕೆ ಪುಸ್ತಕ. ರೋಗಿಗೊಂದು ಕಾರ್ಡು. ಯಾರಿಗೆ ಯಾವ ಔಷಧ ಆಗದು, ಯಾರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಬೇಕು, ಯಾರು ನಡೆಯುವಾಗ ಕೈ ಹಿಡಿಯಬೇಕು, ಎಲ್ಲ ಅದರಲ್ಲಿ. ಪಾಳಿ ಬದಲಾಗುವಾಗ ಅದನ್ನು ಹಿಡಿದು ಒಂದೊಂದು ಹಾಸಿಗೆಯ ಮುಂದೆ ನಿಂತು ರೋಗಿಯನ್ನು ಒಪ್ಪಿಸುವುದು ಕ್ರಮ. ವಾರ್ಡಿನ ಜೀವ ಅದರಲ್ಲಿದೆ.

ಅಂದು ಹತ್ತು ಗಂಟೆಗೆ ಶುಶ್ರೂಷೆಯ ಗುಣಮಟ್ಟ ನೋಡಲು ಮನಿಲಾದಿಂದ ತಪಾಸಣೆಯವರು ಬರುವುದಿತ್ತು. ಅವರು ಮೊದಲು ಕೇಳುವುದೇ ಕಾರ್ಡೆಕ್ಸ್.

ಅಂದು ಮಧ್ಯಾಹ್ನವೇ ಜೆಮ್ಮಾಳ ಕಾಯಂ ನೌಕರಿಯ ಕಡತಕ್ಕೆ ದೊಡ್ಡ ಡಾಕ್ಟರ ಸಹಿ ಬೀಳುವುದಿತ್ತು. ಜೆಮ್ಮಾಲಿನ್ ತಕುಯಾನ್. ಆರು ವರ್ಷ ಗುತ್ತಿಗೆ ನರ್ಸು. ಆರಾರು ತಿಂಗಳಿಗೊಮ್ಮೆ ಉಸಿರು ಬಿಗಿಹಿಡಿದು ಮುಂದುವರಿಕೆಯ ಕಾಗದಕ್ಕೆ ಕಾಯುವವಳು. ಅವಳಂಥ ನರ್ಸು ಏಷ್ಯಾಖಂಡದಲ್ಲೇ ಇಲ್ಲ. ಇದು ಉತ್ಪ್ರೇಕ್ಷೆಯಲ್ಲ, ನನ್ನ ಇತರ ಮಾತುಗಳ ಹಾಗಲ್ಲ. ಅಂದು ಬೆಳಗ್ಗೆ ಏಳಕ್ಕೆ ಕಾರ್ಡೆಕ್ಸ್ ವಹಿಸಿಕೊಂಡು ಸಹಿ ಮಾಡಿದವಳು ಅವಳೇ.

ಎಂಟೂ ಇಪ್ಪತ್ತಕ್ಕೆ ಸರ್ ಅರ್ನುಲ್ಫೊ ಬೆಲ್ಹಿರಾ ಬಂದರು. ಆಸ್ಪತ್ರೆಯ ಗುಣಮಟ್ಟ ಅಧಿಕಾರಿ. ಅವರ ಟೈಯ ಇಸ್ತ್ರಿಗೆರೆಯಲ್ಲಿ ಸೇಬು ಕತ್ತರಿಸಬಹುದು. ಕಳೆದ ವಾರ ನಮ್ಮ ಪೆನ್ಸಿಲ್ ಬರಹದ ಕಾರ್ಡುಗಳನ್ನೆಲ್ಲ ಒಯ್ದು, ಸ್ಕೇಲು ಹಿಡಿದು, ನೀಲಿ ಶಾಯಿಯಲ್ಲಿ ಹೊಸದಾಗಿ ತಾವೇ ನಕಲು ಮಾಡಿ ತಂದಿದ್ದರು. "ಶಾಯಿ ಕಾರ್ಡೆಕ್ಸ್" ಅವರ ಸ್ವಂತ ಯೋಜನೆ. ಅದರ ಮೇಲೆ ಮನಿಲಾದ ಹುದ್ದೆಯೊಂದಕ್ಕೆ ಅರ್ಜಿಯನ್ನೂ ಹಾಕಿದ್ದರು.

"ರೋಗಿ ದಿನಾ ಬದಲಾಗ್ತಾಳೆ ಸರ್. ಶಾಯಿ ಬದಲಾಗಲ್ಲ," ಎಂದು ಮ್ಯಾಮ್ ಆಗಲೇ ಗೊಣಗಿದ್ದರು. ಕೇಳುವವರಾರು?

ಈಗ ಅವರು ಕೈಕಟ್ಟಿ ನಿಂತರು. "ಒಂದು ತಟ್ಟೆ ಶ್ಯಾವಿಗೆ ನೋಡಿ ಮೇಜು ಬಿಟ್ಟು ಓಡಿದ್ರಾ?"

"ಶ್ಯಾವಿಗೆ ಅಲ್ಲ ಸರ್, ಪನ್ಸಿತ್," ಎಂದೆ.

"ಏನಾದ್ರೇನು? ಇಂಥ ನಂಬಿಕೆ ಇದೆ ಅಂತಾನೇ ನಂಗೆ ಗೊತ್ತಿಲ್ಲಪ್ಪ." ನಗುತ್ತ ತಮ್ಮ ಜೇಬುಗಳನ್ನು ತಾವೇ ಹೊರಗೆಳೆದು ತೋರಿಸಿದರು. "ಹುಡುಕಿ. ನನ್ನಿಂದಲೇ ಶುರುವಾಗಲಿ."

ಹುಡುಕಿದೆವು. ಚೀಲ, ಕಪಾಟು, ಕೊಳೆಬಟ್ಟೆಯ ಬುಟ್ಟಿ, ಮಂಚದಡಿ. ಇಪ್ಪತ್ತನಾಲ್ಕು ದಿಂಬುಗಳನ್ನು ನಾನೊಬ್ಬನೇ ಹಿಂಡಿದೆ. ಇಲ್ಲ.

ಅರ್ನುಲ್ಫೊ ಗಡಿಯಾರ ನೋಡಿದರು. "ಸಹಿ ಮಾಡಿದವರದ್ದೇ ಹೊಣೆ. ನಿಯಮ ನಾನು ಬರೆದಿದ್ದಲ್ಲ. ಹತ್ತು ಗಂಟೆಯೊಳಗೆ ಸಿಗದಿದ್ರೆ ವರದಿ ಬರೀಬೇಕಾಗುತ್ತೆ. ಹೆಸರು ಹಾಕಿಯೇ. ಅಲ್ಲಿವರೆಗೆ ಡ್ಯೂಟಿಯಿಂದ ಪಕ್ಕಕ್ಕೆ ನಿಲ್ಲು. ಕ್ಷಮಿಸು ಜೆಮ್ಮಾ."

ಐದನೇ ಹಾಸಿಗೆಯ ಅಜ್ಜಿಯನ್ನು ಮಗ್ಗುಲು ತಿರುಗಿಸುವ ಹೊತ್ತಾಗಿತ್ತು. ಜೆಮ್ಮಾ ಹೋಗಿ ತಿರುಗಿಸಿದಳು. ಬೆನ್ನಿಗೆ ದಿಂಬು ಕೊಟ್ಟಳು. ದಿಂಬು ಸರಿಯಾಗಿ ಕೂತಿತು.

ಅದನ್ನು ನೋಡಿ ನನ್ನೊಳಗಿನ ಪತ್ತೇದಾರ ಎದ್ದು ನಿಂತ. ಅವನು ಕುಳಿತದ್ದೇ ಅಪರೂಪ.

* * *

ಮೊದಲ ಅನುಮಾನ ದುಲ್ಸೆಯ ಮೇಲೆ. ಕಳೆದ ವರ್ಷ "ಅತ್ಯುತ್ತಮ ವಾರ್ಡು" ಫಲಕ ನಮಗೆ ಬಂದಾಗ ಅವಳು ಮೂರು ವಾರ ನಮ್ಮ ಜೊತೆ ಮಾತಾಡಲಿಲ್ಲ. ಒಂದು ಕಡೆಯಿಂದ ಅದು ಸುಖದ ಕಾಲ.

ಗಂಡಸರ ವಾರ್ಡಿಗೆ ಹೋದರೆ ಅಲ್ಲಿ ಸಂತೆ. ಹಾಸಿಗೆಗಳ ನಡುವೆ ಸ್ಟ್ರೆಚರುಗಳು. ದುಲ್ಸೆಯ ಟೋಪಿ ಕಿವಿಗೆ ಜಾರಿತ್ತು.

"ಬಂದ್ಯಾ ಪಾಪಿ. ನನ್ನ ಬಾಗಿಲ ಮುಂದೆ ಏನು ಹೊತ್ಕೊಂಡು ಹೋದೆ?"

"ಯಾಕೆ?"

"ಅರ್ಧ ಗಂಟೇಲಿ ಆರು ಅಡ್ಮಿಷನ್. ಆರು. ತೆಂಗಿನ ಮರದಿಂದ ಬಿದ್ದೋನು, ಮೀನಿನ ಮುಳ್ಳು ನುಂಗಿದೋನು, ಅವನನ್ನ ನೋಡಿ ನಗ್ತಾ ದವಡೆ ಸಿಕ್ಕಿಸ್ಕೊಂಡೋನು. ಪನ್ಸಿತ್ ವಾಸನೆ ಬಂತು ಅಂತ ನಾನು ಆಗ್ಲೇ ಅಂದೆ."

"ನೀವೇ ಇಟ್ಟಿದ್ದು ಅಂತ ಕೆಲವರ ಮಾತು."

ದುಲ್ಸೆ ಟೋಪಿ ಸರಿಮಾಡಿಕೊಂಡಳು. "ಡ್ಯೂಟಿ ದಿನ, ನನ್ನ ಗೋಡೆ ಆಚೆಗೆ, ನನ್ನ ಕೈಯಾರೆ ಪನ್ಸಿತ್ ತರ್ತೀನಾ? ನಿನ್ನ ತಲೆ ಅಡ್ಮಿಟ್ ಮಾಡ್ಸು. ಹಾಸಿಗೆ ಇಲ್ಲ, ನೆಲದ ಮೇಲೆ ಮಲಗ್ಬೇಕು."

ಅವಳಲ್ಲ.

ಎರಡು ಜಿಗಿತಕ್ಕೆ ರಸ್ತೆ ದಾಟಿ ಮನಾಂಗ್ ಸಬೆಲಳ, ಅಂದರೆ ಸಬೆಲಕ್ಕನ, ಅಂಗಡಿಗೆ ಹೋದೆ. ಈ ಊರಿನ ಪನ್ಸಿತ್ ಎಲ್ಲ ಅವಳ ಬಾಣಲೆಯಿಂದಲೇ ಹುಟ್ಟುವುದು.

"ಇವತ್ತು ಬೆಳಗ್ಗೆ ಯಾರಿಗೆ ಕೊಟ್ಟೆ, ಮನಾಂಗ್?"

"ಫೋನು ಬಂತು, ಏಳು ದಾಟಿತ್ತು. ಗಂಡು ದನಿ. ತಗೊಂಡು ಹೋದೋನು ಛತ್ರಿ ಹಿಡ್ಕೊಂಡಿದ್ದ, ಮುಖಕ್ಕೆ ಮಾಸ್ಕು."

"ಮಳೆ ಎಲ್ಲಿತ್ತು?"

"ಅದನ್ನೇ ನಾನೂ ಅಂದ್ಕೊಂಡೆ. ಇನ್ನೊಂದು ಕೇಳು. ನಿಂಬೆಕಾಯಿ ಕಟ್ಟಿ ಕೊಟ್ರೆ ಬೇಡ ಅಂದ. ನಿಂಬೆ ಹಿಂಡದೆ ಪನ್ಸಿತ್ ತಿನ್ನೋರು ಯಾರಪ್ಪ? ಮೇಲೆ ಒಂದು ಖಾಲಿ ಗೆರಸೇನೂ ಕೇಳಿದ."

"ಖಾಲಿ ಯಾಕೆ?"

"ತಳಕ್ಕೆ ಇಟ್ಕೋತೀನಿ, ಬಿಸಿ ಕೈಗೆ ತಾಗಬಾರದು ಅಂದ. ಸುಕುಮಾರರು, ಬಿಸಿ ತಾಗಿದ್ರೆ ಕರಗಿ ಹೋಗ್ತಾರೇನೋ."

ನನ್ನ ತಲೆಯಲ್ಲಿ ಸಾವಿರ ದೀಪ ಹತ್ತಿದವು. ಆದರೆ ಯಾವುದೂ ಯಾವುದರ ಮೇಲೂ ಬೆಳಕು ಬೀರಲಿಲ್ಲ.

* * *

ಹನ್ನೆರಡನೇ ಹಾಸಿಗೆ ಬಾಗಿಲ ಪಕ್ಕದ್ದು. ಅಲ್ಲಿ ಲೋಲಾ ಪ್ರಿಮಿತಿವಾ; ಲೋಲಾ ಅಂದರೆ ನಮ್ಮಲ್ಲಿ ಅಜ್ಜಿ. ಎಂಬತ್ತೆರಡು ವರ್ಷದ ಅಜ್ಜಿ, ಸೊಂಟದ ಮೂಳೆ ಮುರಿದು ಬಂದವರು. ಒಂದು ಕಾಲಕ್ಕೆ ಇದೇ ಆಸ್ಪತ್ರೆಯ ನರ್ಸುಗಳಿಗೆಲ್ಲ ಮುಖ್ಯಸ್ಥೆ. ಈಗಲೂ ಜೆಮ್ಮಾ ಔಷಧ ತಂದರೆ, "ಹೆಸರು ಕೇಳಿದ್ಯಾ? ಹುಟ್ಟಿದ ದಿನ ಕೇಳಿದ್ಯಾ?" ಎಂದು ತಮ್ಮನ್ನೇ ತಾವು ವಿಚಾರಣೆ ಮಾಡಿಸಿಕೊಳ್ಳುತ್ತಾರೆ.

"ಬಾ ನೊನೊಯ್, ಬಾ ಮಗನೇ. ಎಷ್ಟು ಜನ ಕಳ್ಳರನ್ನ ಹಿಡಿದೆ?"

"ಸುಳಿವು ಮಾತ್ರ, ಲೋಲಾ. ಒಂದು ಗುಡ್ಡದಷ್ಟು." ಎಲ್ಲವನ್ನೂ ಹೇಳಿದೆ.

ಅಜ್ಜಿ ಕಣ್ಣು ಮುಚ್ಚಿದರು. "ಏಳೂ ಮುಕ್ಕಾಲಿಗೆ ನನಗೆ ಸ್ನಾನ. ಸುತ್ತ ಪರದೆ. ಆಗ ಎಲ್ಲರೂ ಹಾಸಿಗೆಗಳ ಹತ್ರ, ಮೇಜಿನ ಹತ್ರ ಯಾರೂ ಇಲ್ಲ. ಪನ್ಸಿತ್ ಒಳಗೆ ಬಂದಿದ್ದು ನಾನು ನೋಡಲಿಲ್ಲ. ಎಂಟಕ್ಕೆ ಪರದೆ ಸರಿಸಿದ್ರು. ಅಲ್ಲಿಂದ ಈ ಬಾಗಿಲು ಬಿಟ್ಟು ನನ್ನ ಕಣ್ಣು ಕದಲಿಲ್ಲ. ನೀನು ಹೊರಗೆ ಹೋದೆ. ನೀನು ವಾಪಸ್ ಬರೋವರೆಗೆ ಒಂದು ನೊಣ ಒಳಗೆ ಬರಲಿಲ್ಲ, ಹೊರಗೆ ಹೋಗಲಿಲ್ಲ."

"ಅಂದ್ರೆ ಕಾರ್ಡೆಕ್ಸ್ ಒಳಗೇ ಇದೆ."

"ಒಳಗೆ ಹುಡುಕಿದ್ರಲ್ಲ, ಇಲ್ಲ. ಈ ಬಾಗಿಲಿಂದ ಹೊರಗೆ ಹೋದ ವಸ್ತು ಯಾವುದು?"

"ಪನ್ಸಿತ್."

"ಭಾರ ಎಷ್ಟಿತ್ತು? ನಿನ್ನ ಲೆಕ್ಕದಲ್ಲಿ ಬೇಡ. ಮನುಷ್ಯರ ಲೆಕ್ಕದಲ್ಲಿ ಹೇಳು."

ಬಾಯಿ ತೆರೆದೆ. ಎಮ್ಮೆಕರು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಶ್ಯಾವಿಗೆ ಇರಬೇಕಾದ್ದಕ್ಕಿಂತ ಭಾರ ಇತ್ತು, ಲೋಲಾ. ಕಾರ್ಡೆಕ್ಸ್‌ನಷ್ಟು ಭಾರ."

"ಮುಠ್ಠಾಳ. ಎರಡು ಗೆರಸೆ, ನಡುವೆ ಏನು? ಈ ಆಸ್ಪತ್ರೇಲಿ ಯಾರೂ ಮುಟ್ಟದ, ಎಲೆ ಎತ್ತಿ ನೋಡದ ಜಾಗ ಒಂದೇ. ಅದರಲ್ಲಿ ಬಚ್ಚಿಟ್ಟ. ಹೊತ್ತು ಹೊರಗೆ ಸಾಗಿಸೋ ಕೆಲಸ ನಿಮ್ಮ ಕೈಲೇ ಮಾಡಿಸಿದ."

ಹಿಂದಿನ ಮೆಟ್ಟಿಲಿಗೆ ನಾನು ಓಡಿದ ವೇಗಕ್ಕೆ ಒಲಿಂಪಿಕ್ಸಿನಲ್ಲಿ ಎರಡು ಪದಕ ಕೊಡಬೇಕಿತ್ತು. ಮ್ಯಾಮ್ ಕೊನ್ಸೊರ್ಸಿಯಾ ಹಿಂದೆಯೇ ಬಂದರು. ಗೋಣಿ ತೆಗೆದು ಮೇಲಿನ ಗೆರಸೆ ಎತ್ತಿದೆ. ಕೆಳಗಿನದರಲ್ಲಿ, ಎಣ್ಣೆ ತಾಗದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಾರ್ಡೆಕ್ಸ್.

ಮ್ಯಾಮ್ ಅದನ್ನು ಎದೆಗೆ ಒತ್ತಿಕೊಂಡರು. ಒಂಬತ್ತೂ ಕಾಲು.

"ಈಗಲೇ ಹೋಗಿ ಹೇಳ್ತೀನಿ," ಎಂದರು.

"ಬೇಡ," ಎಂದರು ಲೋಲಾ, ನಾವು ವಾಪಸು ಬಂದಾಗ. "ಸಿಕ್ತು ಅಂದ್ರೆ ಸಾಲದು. ಜೆಮ್ಮಾನೇ ಬಚ್ಚಿಟ್ಟಳು ಅಂತಾರೆ. ಯೋಚ್ನೆ ಮಾಡು ಕೊನ್ಸೊರ್ಸಿಯಾ. ಪನ್ಸಿತ್ ಕಂಡ್ರೆ ನರ್ಸು ಕೈ ಹಾಕಲ್ಲ ಅನ್ನೋದು ಯಾರಿಗೆ ಗೊತ್ತು?"

"ನರ್ಸುಗಳಿಗೆ."

"ಡ್ಯೂಟಿಲಿ ಇರೋ ನರ್ಸು ಅದನ್ನ ತನ್ನ ಕೈಯಾರೆ ತರ್ತಾಳಾ?"

"ಜೀವ ಹೋದ್ರೂ ಇಲ್ಲ."

"ಹಾಗಾದ್ರೆ ನರ್ಸಿಂಗ್ ಗೊತ್ತಿರೋನು, ಆದ್ರೆ ಇವತ್ತಿನ ಪಾಳಿ ಪಟ್ಟೀಲಿ ಹೆಸರು ಇಲ್ಲದೋನು. ಇವತ್ತು ಇಲ್ಲಿ ಅಂಥೋರು ಇಬ್ರೇ. ನಾನೊಬ್ಬಳು, ಎದ್ದು ನಿಲ್ಲಕ್ಕಾಗಲ್ಲ. ಇನ್ನೊಬ್ಬ ಟೈ ಕಟ್ಟಿದ್ದಾನೆ. ಇಪ್ಪತ್ತು ವರ್ಷದ ಹಿಂದೆ ನನ್ನ ಕೈ ಕೆಳಗೆ ತುರ್ತು ವಾರ್ಡಲ್ಲಿ ನರ್ಸಾಗಿದ್ದ. ಒಂದು ಸಲ ಊಟದ ಡಬ್ಬೀಲಿ ಪನ್ಸಿತ್ ತಂದಿದ್ದ. ಹೊರಗೆ ಬಿಸಿಲಲ್ಲಿ ನಿಲ್ಲಿಸಿದ್ದೆ."

"ಇಂಥ ನಂಬಿಕೆ ಇದೆ ಅಂತಾನೇ ಗೊತ್ತಿಲ್ಲ ಅಂದ್ರಲ್ಲ," ಎಂದೆ.

"ಅದಕ್ಕೇ," ಎಂದರು ಲೋಲಾ. "ಈಗ ಕಾರ್ಡೆಕ್ಸ್ ಜಾಗದಲ್ಲಿ ಅಷ್ಟೇ ಭಾರದ್ದು ಏನಾದ್ರೂ ಇಡು. ಶುಚಿಯಾಗಿರಲಿ."

ಇಟ್ಟೆ. ಏನೆಂದು ಆಮೇಲೆ.

* * *

ಒಂಬತ್ತೂವರೆಗೆ ಗೆರಸೆಯನ್ನು ಮತ್ತೆ ವಾರ್ಡಿನ ಮೇಜಿನ ಮೇಲಿಟ್ಟು, ಇಡೀ ಜಿಲ್ಲೆಗೆ ಕೇಳುವ ಹಾಗೆ ಕೂಗಿದೆ.

"ಮ್ಯಾಮ್, ಇದನ್ನ ಹಂದಿಗೆ ಹಾಕೋಕೆ ಕೊಡ್ತಾ ಇದೀನಿ. ಕೆಳಗೆ ಹಂದಿ ಸಾಕೋರ ಗಾಡಿ ಬಂದಿದೆ."

ಅರ್ನುಲ್ಫೊ ಕಾರಿಡಾರಿನ ತುದಿಯಲ್ಲಿದ್ದರು. ಅಲ್ಲಿಂದ ಮೇಜಿನವರೆಗೆ ಅವರು ನಡೆದು ಬಂದರೋ ಹಾರಿ ಬಂದರೋ ನಾನು ನೋಡಲಿಲ್ಲ.

"ಛೆ, ಅನ್ನ ಹಾಳು ಮಾಡ್ಬಾರದು. ಗೇಟಿನ ಕಾವಲಿನವರಿಗೆ ಕೊಡ್ತೀನಿ. ಕೊಡು ಇಲ್ಲಿ." ಎರಡೂ ಗೆರಸೆಯನ್ನು ಸೇರಿಸಿ, ತಳಕ್ಕೆ ಕೈ ಕೊಟ್ಟು, ಎದೆಗೆ ಅವುಚಿ ಎತ್ತಿಕೊಂಡರು.

"ಬಹಳ ಉಪಕಾರ ಸರ್," ಎಂದರು ಮ್ಯಾಮ್, ಕೈಯಲ್ಲಿ ಪಾಳಿಪಟ್ಟಿ ಹಿಡಿದು. "ಇನ್ನೊಂದು ಉಪಕಾರ. ಜೆಮ್ಮಾನ ನೀವು ಪಕ್ಕಕ್ಕೆ ನಿಲ್ಲಿಸಿದ್ರಿ. ಇಪ್ಪತ್ತನಾಲ್ಕು ರೋಗಿಗೆ ಒಬ್ಬ ನರ್ಸು ಕಡಿಮೆ. ಗುಣಮಟ್ಟ ಅದನ್ನ ಒಪ್ಪಲ್ಲ, ನೀವೇ ಹೇಳಿಕೊಟ್ಟಿದ್ದು. ನಿಮ್ಮ ನರ್ಸಿಂಗ್ ಲೈಸೆನ್ಸು ಚಾಲ್ತೀಲಿದೆ. ನರ್ಸುಗಳ ಮುಖ್ಯಸ್ಥರು ನಿಮ್ಮ ಹೆಸರಿಗೆ ಸಹಿ ಹಾಕಿದಾರೆ. ಈ ಕ್ಷಣದಿಂದ ನೀವು ಡ್ಯೂಟಿಲಿ."

ಅರ್ನುಲ್ಫೊ ಪಟ್ಟಿ ನೋಡಿದರು. ತಮ್ಮ ಹೆಸರು ನೋಡಿದರು. ಆಮೇಲೆ ಎದೆಗೆ ಅವುಚಿದ ಪನ್ಸಿತ್ ನೋಡಿದರು.

ಕಾದ ಹೆಂಚು ಮುಟ್ಟಿದವರ ಹಾಗೆ ಅದನ್ನು ಮೇಜಿಗೆ ಕುಕ್ಕಿ ಎರಡು ಹೆಜ್ಜೆ ಹಿಂದೆ ಸರಿದರು. ಅಷ್ಟಕ್ಕೆ ನಿಲ್ಲದೆ ದೋಷ ಕಳೆಯಲೆಂದು ಮೇಜಿನ ಮರವನ್ನು ಮೂರು ಸಲ ಬೆರಳಿನಿಂದ ಕುಟ್ಟಿದರು.

ಹನ್ನೆರಡನೇ ಹಾಸಿಗೆಯಿಂದ ಒಂದು ದನಿ ಬಂತು. "ಚೆನ್ನಾಗಿ ನೆನಪಿದೆ ಅರ್ನುಲ್ಫೊ ನಿನಗೆ."

ಕುಕ್ಕಿದ ರಭಸಕ್ಕೆ ಮೇಲಿನ ಗೆರಸೆ ಓರೆಯಾಗಿ ಸರಿದಿತ್ತು. ಸಂದಿಯಿಂದ ಫಳಫಳ ಹೊಳೆಯುತ್ತ ಇಣುಕಿತು, ಹೊಚ್ಚಹೊಸ ಸ್ಟೀಲಿನ ಬೆಡ್‌ಪ್ಯಾನು.

"ಇದಿರಲಿಲ್ಲ ಇಲ್ಲಿ," ಎಂದರು ಅರ್ನುಲ್ಫೊ.

ಹಾಸಿಗೆಹಾಸಿಗೆಯಿಂದಲೂ ತಲೆಗಳು ಎದ್ದವು.

"ಹೌದು ಸರ್," ಎಂದೆ ನಾನು. ಹತ್ತೊಂಬತ್ತು ವರ್ಷದಲ್ಲಿ ನಾನಾಡಿದ ಅತಿ ಚಿಕ್ಕ ಮಾತು ಅದು. "ಏನಿತ್ತು?"

* * *

ಕುರ್ಚಿ ಕೊಟ್ಟೆವು. ನೀರು ಕೊಟ್ಟೆವು. ಟೈ ಸಡಿಲಿಸಿಕೊಂಡ ಮೇಲೆ ಅವರು ಸ್ವಲ್ಪ ಮನುಷ್ಯರ ಹಾಗೆ ಕಂಡರು.

"ಆದ್ರೆ ಯಾಕೆ?" ಮ್ಯಾಮ್ ಕೇಳಿದರು. "ನಿಮ್ಮದೇ ಕೈಬರಹ. ನಿಮ್ಮದೇ ಹೆಮ್ಮೆ."

ಉತ್ತರ ಜೆಮ್ಮಾಳ ಹತ್ತಿರ ಇತ್ತು. ಕಾರ್ಡೆಕ್ಸ್ ಬಿಡಿಸಿ ಏಳನೇ ಕಾರ್ಡನ್ನೂ ಒಂಬತ್ತನೇ ಕಾರ್ಡನ್ನೂ ಪಕ್ಕಪಕ್ಕ ಇಟ್ಟಳು. ಒಂಬತ್ತರ ಮೇಲೆ ಪೆನ್ಸಿಲಿನ ಪುಟ್ಟ ಪ್ರಶ್ನೆ ಗುರುತು.

ಏಳನೇ ಹಾಸಿಗೆ ನತಿವಿದಾದ್ ನೊಬ್ಲೆಸಾದಾ. ಒಂಬತ್ತು, ನತಿವಿದಾದ್ ನೊಬ್ಲೆಸಾ. ಇಬ್ಬರೂ ಒಂದೇ ಕಡಲತೀರದ ಊರಿನವರು. ಆ ಊರಲ್ಲಿ ಎಲ್ಲರ ಮನೆತನದ ಹೆಸರೂ 'ನ' ಅಕ್ಷರದಿಂದಲೇ ಶುರು. ನನ್ನದೂ ಅದೇ ಊರು. ಅಲ್ಲಿ ಶಾಲೆಯ ಹಾಜರಿ ಕರೆದರೆ ನೊಣ ಗುಂಯ್‌ಗುಡುವಂತೆ ಕೇಳುತ್ತದೆ.

"ಪೆನಿಸಿಲಿನ್ ಆಗಲ್ಲ ಅನ್ನೋ ಸಾಲು ಒಂಬತ್ತರಲ್ಲಿ ಇದೆ," ಎಂದಳು ಜೆಮ್ಮಾ. "ನನ್ನ ಜೇಬಿನ ಚೀಟೀಲಿ ಏಳಕ್ಕೆ ಇದೆ. ಬೆಳಗ್ಗೆ ರೋಗಿ ಒಪ್ಪಿಸ್ಕೊಳ್ಳುವಾಗ ಅನುಮಾನ ಬಂತು, ಗುರುತು ಹಾಕಿದೆ. ಸ್ನಾನ ಮುಗಿಸಿ ಕೇಳೋಣ, ಅಲ್ಲಿವರೆಗೆ ಇಬ್ರಿಗೂ ಔಷಧ ಬೇಡ ಅಂದ್ಕೊಂಡೆ. ಸರ್ ಅಲ್ಲೇ ಮಂಚದ ಕಾಲ ಹತ್ರ ನಿಂತಿದ್ರು."

"ನಕಲು ಮಾಡುವಾಗ ತಪ್ಪಿತು," ಎಂದರು ಅರ್ನುಲ್ಫೊ ನೆಲ ನೋಡುತ್ತ. "ಶಾಯಿ. ಅಳಿಸೋ ಹಾಗಿಲ್ಲ. ಗೀಚಿದ್ರೆ ತಪಾಸಣೆಯವರು ಕೇಳ್ತಾರೆ. ಮನಿಲಾಕ್ಕೆ ಬರೆದ ವರದೀಲಿ, ಒಂದೂ ತಪ್ಪಿಲ್ಲ ಅಂತ ಬರೆದುಬಿಟ್ಟಿದ್ದೆ."

"ಅದಕ್ಕೆ ಹುಡುಗಿ ಆರು ವರ್ಷ ತಿಂದುಬಿಡ್ತಿದ್ರಿ," ಎಂದರು ಮ್ಯಾಮ್. ಕಿಟಕಿ ನಡುಗಲಿಲ್ಲ. ಅದಕ್ಕೇ ಹೆಚ್ಚು ಭಯವಾಯಿತು.

ಹೀಗಿತ್ತು ವಿಷಯ. ಬೆಳಗ್ಗೆ ಏಳು ಗಂಟೆಗೆ ಅರ್ನುಲ್ಫೊ ಒಂಬತ್ತನೇ ಕಾರ್ಡಿನ ಪ್ರಶ್ನೆ ಗುರುತು ಕಂಡರು. ಕೂಡಲೇ ಸಬೆಲಳಿಗೆ ಫೋನು. ತಗಡಿನ ಕಾರ್ಡೆಕ್ಸ್ ಕಂಕುಳಲ್ಲಿ ಹಿಡಿದು ಹೊರಟರೆ ಇಡೀ ಆಸ್ಪತ್ರೆ ನೋಡುತ್ತದೆ, ಕಾವಲಿನವರು ನಿಲ್ಲಿಸುತ್ತಾರೆ. ಪನ್ಸಿತ್ ಹಿಡಿದು ಬಂದರೆ ಡ್ಯೂಟಿಯವರೆಲ್ಲ ಮುಖ ತಿರುಗಿಸುತ್ತಾರೆ. ಸ್ನಾನದ ಹೊತ್ತಿಗೆ ಬಂದರು, ಎರಡು ಗೆರಸೆಯ ನಡುವೆ ಸೇರಿಸಿದರು, ಬರಿಗೈಯಲ್ಲಿ ಹೋದರು. ಸಹಿ ಜೆಮ್ಮಾಳದ್ದು, ತಪ್ಪೂ ಜೆಮ್ಮಾಳದ್ದಾಗುತ್ತಿತ್ತು. ಅವರ ಎಣಿಕೆಯಲ್ಲಿ ಸೇರದೇ ಉಳಿದದ್ದು ಒಂದೇ, ತೆರೋಯ್ ನಾಪುಲಾನನ ಸೊಂಟ.

* * *

ಹತ್ತಕ್ಕೆ ಸರಿಯಾಗಿ ತಪಾಸಣೆಯ ಮಿಸ್ ವಿಯಾಕಾಂಪಾ ಬಂದರು. ತೆಳ್ಳಗೆ, ಕನ್ನಡಕ, ಕೈಯಲ್ಲಿ ಪಟ್ಟಿ. ಮ್ಯಾಮ್ ಏನನ್ನೂ ಮುಚ್ಚಿಡಲಿಲ್ಲ. ತಪ್ಪು ಕಾರ್ಡನ್ನೇ ಮೊದಲು ಕೈಗೆ ಕೊಟ್ಟರು. ಅರ್ನುಲ್ಫೊ ತಾವೇ ಬರೆದ ವರದಿಯನ್ನು ತಾವೇ ಕೊಟ್ಟರು. ಅದೂ ಶಾಯಿಯಲ್ಲಿ.

ಅವರು ಓದಿ ಕಾರ್ಡೆಕ್ಸ್ ಮುಚ್ಚಿದರು. "ಇದು ನಂಬೋ ಹಾಗಿಲ್ಲ ಅಂತಾಯ್ತು. ಹಾಗಾದ್ರೆ ವಾರ್ಡನ್ನ ನನಗೆ ಒಪ್ಪಿಸೋರು ಯಾರು?"

ಜೆಮ್ಮಾ ಮುಂದೆ ಬಂದಳು. ಒಂದರಿಂದ ಶುರು ಮಾಡಿದಳು. ಹೆಸರು, ನೋವು, ನಿದ್ದೆ ಎಷ್ಟು, ಊಟ ಎಷ್ಟು, ಯಾವ ಮಗ್ಗುಲು, ಮತ್ತೆ ತಿರುಗಿಸುವುದು ಯಾವಾಗ. ಏಳರ ಮುಂದೆ ನಿಂತು ಕೇಳಿದಳು.

"ಮನಾಂಗ್, ನಿಮ್ಮ ಪೂರ್ತಿ ಹೆಸರು, ಹುಟ್ಟಿದ ದಿನ ಹೇಳಿ. ಯಾವ ಔಷಧ ನಿಮಗೆ ಆಗಲ್ಲ?"

"ಎಷ್ಟು ಸಲ ಕೇಳ್ತೀಯೇ ಇಂದಾಯ್, ಮಗಳೇ? ನತಿವಿದಾದ್ ನೊಬ್ಲೆಸಾದಾ, ಮೇ ಮೂರು. ಪೆನಿಸಿಲಿನ್. ಒಂದು ಸಲ ತಗೊಂಡು ಮುಖ ಕುಂಬಳಕಾಯಿ ಆಗಿತ್ತು, ಗಂಡ ಗುರುತೇ ಹಿಡೀಲಿಲ್ಲ. ಎರಡು ದಿನ ನೆಮ್ಮದಿಯಾಗಿದ್ದೆ."

ಇಪ್ಪತ್ತನಾಲ್ಕೂ ಮುಗಿಯಿತು. ಮಿಸ್ ವಿಯಾಕಾಂಪಾ ಪಟ್ಟಿಯಲ್ಲಿ ಏನೋ ಬರೆದು, ಹಾಳೆ ತಿರುಗಿಸಿ ಮ್ಯಾಮ್‌ಗೆ ತೋರಿಸಿದರು. "ಕಾಗದ: ತಪ್ಪಿದೆ. ಶುಶ್ರೂಷೆ: ತಪ್ಪಿಲ್ಲ." ಹನ್ನೆರಡಕ್ಕೆ ದೊಡ್ಡ ಡಾಕ್ಟರ ಸಹಿ ಬಿತ್ತು. ಜೆಮ್ಮಾ ಕಾಗದವನ್ನು ಎರಡು ಸಲ ಓದಿ, ಮಡಿಸಿ, ಜೇಬಿನಲ್ಲಿ ತನ್ನ ಪೆನ್ಸಿಲ್ ಚೀಟಿಗಳ ಜೊತೆ ಇಟ್ಟಳು. ಆಮೇಲೆ ಲಿನನ್ ಕೋಣೆಗೆ ಹೋಗಿ ಅತ್ತಳು. ನಾನು ನೋಡಲಿಲ್ಲ ಅಂತ ಹೇಳಲು ಒಪ್ಪಿಕೊಂಡಿದ್ದೇನೆ.

ಹೊರಡುವ ಮುಂಚೆ ಮಿಸ್ ವಿಯಾಕಾಂಪಾ ಮೂಗರಳಿಸಿದರು. "ಬೆಳಗ್ಗೆ ಏನೂ ತಿಂದಿಲ್ಲ. ಅದು ಪನ್ಸಿತ್ ಅಲ್ವಾ? ನಾನೇನೂ ಡ್ಯೂಟೀಲಿ ಇಲ್ಲ, ತಪಾಸಣೆ ಮುಗೀತು."

ನಾವು ಬಾಯಿ ತೆರೆಯುವಷ್ಟರಲ್ಲಿ ಒಂದು ಎಳೆ ಅವರ ಬಾಯೊಳಗೆ ಸೇರಿತ್ತು.

ಕೆಳಗೆ ಸೈರನ್ ಕೇಳಿತು. ಇನ್ನೊಂದು. ಮತ್ತೊಂದು.

ಮಿಸ್ ವಿಯಾಕಾಂಪಾ, ಅವರೂ ನರ್ಸೇ, ಗೆರಸೆ ಪಕ್ಕಕ್ಕೆ ಸರಿಸಿ, ಕೈಜೋಡಿಸಲು ಕೂದಲು ಗಂಟು ಹಾಕಿಕೊಂಡರು. ಅರ್ನುಲ್ಫೊ ಟೈ ಬಿಚ್ಚಿ ಸ್ಟ್ರೆಚರ್ ಹಿಡಿದರು. ಪಾಳಿಪಟ್ಟಿಯಲ್ಲಿ ಹೆಸರು ಇನ್ನೂ ಇತ್ತಲ್ಲ.

ಅಂದು ಎಷ್ಟು ಜನ ಬಂದರು ಅಂತ ನಾನು ಹೇಳಿದರೆ ನೀವು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಹೊಸ ಕಾರ್ಡುಗಳನ್ನು ಜೆಮ್ಮಾ ಬರೆದಿದ್ದಾಳೆ, ಕಾಯಂ ನರ್ಸಾಗಿ ಬರೆದ ಮೊದಲ ಕಾರ್ಡುಗಳು, ಪೆನ್ಸಿಲಿನಲ್ಲಿ. ಅದರ ಪ್ರಕಾರ ಹದಿನೇಳು. ಹದಿನೇಳೇ.